ಗಡಿಯಾರಕ್ಕೂ ಒಂದು ಲೆಕ್ಕದ ವಹಿ

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಅಲ್ಲಿನ ಗೋಡೆ ಗಡಿಯಾರ ನಾಲ್ಕು ನಿಮಿಷ ಮುಂದಿತ್ತು. ಅದನ್ನೇ ನಂಬಿ ಒಂದು ದಿನ ಕೌಂಟರ್ ಮುಚ್ಚಿದೆ. ಸಾಲದ ಕಂತು ಕಟ್ಟಲು ಬಂದ ರೈತರೊಬ್ಬರು ಹಣದೊಂದಿಗೆ ಹಿಂದಿರುಗಿದರು. ಅಂದಿನಿಂದ ನನಗೆ ಗಡಿಯಾರಗಳ ಗೀಳು.

ಕ್ವಾರ್ಟ್ಸ್ ಗಡಿಯಾರದೊಳಗೆ ಕವೆಯಾಕಾರದ ಪುಟ್ಟ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡಿ ನೋಡಿ, ಒಂದು ಉಳಿಯುತ್ತದೆ. ಒಳಗಿನ ಸರ್ಕ್ಯೂಟ್ ಮಾಡುವುದೂ ಇದನ್ನೇ. ಆ ಹರಳು ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸರಿಯಾಗಿ ನಡೆಯುತ್ತದೆ. ಹೆಚ್ಚು ಕಾದರೂ ತಣಿದರೂ ನಿಧಾನ. ನಮ್ಮ ಅಕ್ಕಲಕೋಟೆಯ ಬೇಸಿಗೆಯಲ್ಲಿ 45 ಡಿಗ್ರಿ ಶಾಖ ತಗುಲಿದರೆ ದಿನಕ್ಕೆ ಸುಮಾರು ಒಂದು ಸೆಕೆಂಡ್ ಹಿಂದೆ ಬೀಳುತ್ತದೆ. ಆದ್ದರಿಂದ ನಿಖರತೆ ಬಯಸುವ ಹವ್ಯಾಸಿಗಳು ಹರಳನ್ನು ಒಂದೇ ಶಾಖ ಕಾಯುವ ಪುಟ್ಟ ಪೆಟ್ಟಿಗೆಯಲ್ಲಿಡುತ್ತಾರೆ.

ಎಲ್ಲಕ್ಕೂ ಮೂಲ ಅಳತೆ ಸೀಸಿಯಂ ಪರಮಾಣು. ಅದರ ವಿಕಿರಣದ 9,192,631,770 ಆವರ್ತನಗಳ ಅವಧಿಯೇ ಒಂದು ಸೆಕೆಂಡ್ ಎಂದು 1967ರಲ್ಲಿ ನಿರ್ಧಾರವಾಯಿತು. ಭಾರತದ ವೇಳೆಯನ್ನು ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಕಾಯುತ್ತದೆ.

ನೀವು ಮಾಡಬೇಕಾದುದು ಇಷ್ಟೆ: ವಾರಕ್ಕೊಮ್ಮೆ ಗಡಿಯಾರವನ್ನು ಮೊಬೈಲ್ ಫೋನಿನ ವೇಳೆಗೆ ಹೋಲಿಸಿ, ವ್ಯತ್ಯಾಸ ಬರೆದಿಡಿ. ಪ್ರತಿ ವಾರವೂ ಅಷ್ಟಷ್ಟೇ ಹೆಚ್ಚುತ್ತಿದ್ದರೆ ಆ ಗಡಿಯಾರ ನಂಬಿಕಸ್ಥ, ಲೆಕ್ಕದಲ್ಲಿ ಕಳೆದುಕೊಂಡರಾಯಿತು. ಅಂಥದೊಂದು ವಹಿ ಅಂದು ನನ್ನಲ್ಲಿದ್ದಿದ್ದರೆ ಆ ರೈತರು ಮರುದಿನ ಮತ್ತೆ ಬರಬೇಕಾಗುತ್ತಿರಲಿಲ್ಲ.