ಡಬ್ಬಿಯೊಳಗಿನ ಶತ್ರು: ಅಡುಗೆಮನೆಯ ಧಾನ್ಯಗಳನ್ನು ನುಸಿಯಿಂದ ಕಾಪಾಡುವ ಬಗೆ

ಊರು ಬಿಟ್ಟು ದೂರದ ದೆಹಲಿಯಲ್ಲಿ ನೆಲೆಸಿರುವ ನಮ್ಮಂಥವರಿಗೆ ಊರಿನಿಂದ ಬರುವ ಅಕ್ಕಿ, ತೊಗರಿಬೇಳೆ, ರಾಗಿಹಿಟ್ಟು, ಅವಲಕ್ಕಿಗಳು ಕೇವಲ ಆಹಾರ ಪದಾರ್ಥಗಳಲ್ಲ; ಅವು ತವರಿನ ನೆನಪುಗಳೂ ಹೌದು. ಆದುದರಿಂದಲೇ ಅವುಗಳನ್ನು ಆರಾರು ತಿಂಗಳು ಕೂಡಿಡುವ ಅಭ್ಯಾಸ ನಮ್ಮಲ್ಲಿ ಬೆಳೆದಿದೆ. ಆದರೆ ಆಷಾಢ ಕಳೆದು ಶ್ರಾವಣ ಬರುವಷ್ಟರಲ್ಲಿ ಡಬ್ಬಿಯ ಮುಚ್ಚಳ ತೆರೆದರೆ ಅಕ್ಕಿಯ ಮೇಲೆ ಕಪ್ಪು ನುಸಿಗಳು ಹರಿದಾಡುತ್ತಿರುತ್ತವೆ. ರವೆಯಲ್ಲಿ ಬಲೆ ಕಟ್ಟಿರುತ್ತದೆ. ಗೃಹಿಣಿಯರಿಗೆ ಆಗುವ ಬೇಸರವನ್ನು ಬಣ್ಣಿಸಬೇಕಾಗಿಲ್ಲ.

ಕೆಲವು ವರ್ಷಗಳ ಹಿಂದೆ ಓಲ್ಡ್ ರಾಜಿಂದರ್ ನಗರದ ನಮ್ಮ ಮನೆಯಲ್ಲಿ ನಡೆದ ಘಟನೆಯೊಂದು ಈ ಲೇಖನಕ್ಕೆ ಪ್ರೇರಣೆ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಬಂದ ಬಂಧುಗಳೊಬ್ಬರು 25 ಕಿಲೋ ಸೋನಾ ಮಸೂರಿ ಅಕ್ಕಿಯನ್ನು ತಂದುಕೊಟ್ಟಿದ್ದರು. ಮಳೆಗಾಲದಲ್ಲಿ ಅದಕ್ಕೆ ಹುಳು ಹಿಡಿಯಿತು. ಒಂದು ಸಂಜೆ ನಾನು ಬ್ಯಾಂಕಿನಿಂದ ಮನೆಗೆ ಬಂದಾಗ ನನ್ನ ಪತ್ನಿ ಬೂದುಬಣ್ಣದ ಮೂರು ಮಾತ್ರೆಗಳಿದ್ದ ಪೊಟ್ಟಣವನ್ನು ತೋರಿಸಿ, "ಅಂಗಡಿಯವನು ಕೊಟ್ಟ ಕಣ್ರೀ. ಬಟ್ಟೆಯಲ್ಲಿ ಕಟ್ಟಿ ಅಕ್ಕಿಯಲ್ಲಿ ಹುದುಗಿಸಿಟ್ಟರೆ ವರ್ಷವಿಡೀ ಹುಳು ಬರುವುದಿಲ್ಲವಂತೆ" ಎಂದಳು. ಅಕ್ಕಿಯ ಡಬ್ಬಿ ಇದ್ದುದು ಮಕ್ಕಳು ಮಲಗುವ ಕೋಣೆಯ ಗೋಡೆಯ ಪಕ್ಕದಲ್ಲಿ.

ಆ ಮಾತ್ರೆಗಳನ್ನು ನಾನು ಹಿಂದೆ ಕಂಡಿದ್ದೆ. ನೌಕರಿಯ ಆರಂಭದಲ್ಲಿ ರಾಯಚೂರಿನ ಕಡೆ ಇದ್ದಾಗ, ಬ್ಯಾಂಕಿಗೆ ಅಡವಿಟ್ಟ ಧಾನ್ಯದ ದಾಸ್ತಾನನ್ನು ಪರಿಶೀಲಿಸಲು ಗೋದಾಮುಗಳಿಗೆ ಹೋಗಬೇಕಾಗುತ್ತಿತ್ತು. ಅಲ್ಲಿ ಮೂಟೆಗಳ ರಾಶಿಗೆ ದಪ್ಪ ಪ್ಲಾಸ್ಟಿಕ್ ಹೊದಿಕೆ ಹೊದಿಸಿ, ಅಂಚುಗಳಿಗೆ ಮರಳಿನ ಚೀಲಗಳನ್ನಿಟ್ಟು, ತರಬೇತಿ ಪಡೆದ ಕೆಲಸಗಾರರು ಈ ಮಾತ್ರೆಗಳನ್ನು ಒಳಗಿಡುತ್ತಿದ್ದರು. ಬಾಗಿಲಿಗೆ ಅಪಾಯದ ಫಲಕ ತೂಗುತ್ತಿತ್ತು. ಹಲವು ದಿನ ಯಾರಿಗೂ ಪ್ರವೇಶವಿರಲಿಲ್ಲ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಗುಲಿದೊಡನೆ ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ಅದು ಬಿರುಕುಗಳ ಮೂಲಕವೂ ನುಸುಳಬಲ್ಲದು. ಈ ವಿಷಕ್ಕೆ ನಿರ್ದಿಷ್ಟವಾದ ಪ್ರತ್ಯೌಷಧವಿಲ್ಲ. ಉತ್ತರ ಭಾರತದಲ್ಲಿ ಇದರಿಂದ ಪ್ರಾಣ ಕಳೆದುಕೊಂಡವರು ಅನೇಕರು. ನುಸಿಯನ್ನು ಕೊಲ್ಲಲು ಹೊರಟು ನಾವು ಎಂಥ ಅನಾಹುತದ ಹೊಸ್ತಿಲಲ್ಲಿ ನಿಂತಿದ್ದೆವೆಂದು ನೆನೆದರೆ ಇಂದಿಗೂ ಮೈ ನಡುಗುತ್ತದೆ.

ಹುಳು ಎಲ್ಲಿಂದ ಬರುತ್ತದೆ?

ಮುಚ್ಚಿದ ಡಬ್ಬಿಯಲ್ಲಿ ಹುಳು ತಾನಾಗಿ ಹುಟ್ಟುತ್ತದೆಂಬ ಭಾವನೆ ಕೆಲವರಲ್ಲಿದೆ. ಇದು ತಪ್ಪು. ಅಕ್ಕಿಯ ಸೊಂಡಿಲು ಹುಳು ಕಾಳಿನಲ್ಲಿ ಸಣ್ಣ ರಂಧ್ರ ಕೊರೆದು, ಒಳಗೆ ಮೊಟ್ಟೆಯಿಟ್ಟು, ಅಂಟಿನಂಥ ದ್ರವದಿಂದ ರಂಧ್ರವನ್ನು ಮುಚ್ಚಿಬಿಡುತ್ತದೆ. ಕಾಳು ಹೊರನೋಟಕ್ಕೆ ಅಖಂಡವಾಗಿಯೇ ಕಾಣುತ್ತದೆ. ಸೆಕೆಯ ದಿನಗಳಲ್ಲಿ ಸುಮಾರು ಒಂದು ತಿಂಗಳೊಳಗೆ ಮರಿ ಬೆಳೆದು ಹೊರಬರುತ್ತದೆ. ಹೆಸರು, ಕಡಲೆ, ಅಲಸಂದೆಗಳ ಮೇಲೆ ಕಾಣುವ ಬಿಳಿಯ ಚುಕ್ಕೆಗಳು ಕಾಳುಹುಳುವಿನ ಮೊಟ್ಟೆಗಳು. ಇದರ ಬಾಧೆ ಹೊಲದಲ್ಲಿಯೇ ಆರಂಭವಾಗುವುದುಂಟು. ಒಡೆದ ಬೇಳೆಗೆ ಇದರ ಕಾಟ ಕಡಿಮೆ. ಹಿಟ್ಟಿನ ಕೆಂಪು ಹುಳು ಇಡೀ ಕಾಳನ್ನು ಕೊರೆಯಲಾರದು. ಹಿಟ್ಟು, ರವೆ, ನುಚ್ಚುಗಳೇ ಅದಕ್ಕೆ ಪ್ರಿಯ. ಅದು ಸ್ರವಿಸುವ ದ್ರವದಿಂದ ಹಿಟ್ಟಿಗೆ ಘಾಟು ವಾಸನೆ ಬರುತ್ತದೆ. ಬಲೆ ಕಟ್ಟುವುದು ಪತಂಗದ ಮರಿ. ಧನಿಯಾ, ಅರಿಶಿನ, ಮೆಣಸಿನಪುಡಿಗಳನ್ನೂ ಬಿಡದ ಇನ್ನೊಂದು ಜೀರುಂಡೆಯುಂಟು.

ಈ ಕೀಟಗಳಿಗೆ 25ರಿಂದ 32 ಡಿಗ್ರಿ ಸೆಲ್ಸಿಯಸ್ ಉಷ್ಣತೆಯೂ ತೇವವೂ ಬಹು ಹಿತ. 15 ಡಿಗ್ರಿಗಿಂತ ಕೆಳಗೆ ಇವುಗಳ ಬೆಳವಣಿಗೆ ಬಹುಮಟ್ಟಿಗೆ ನಿಂತುಹೋಗುತ್ತದೆ. ದೆಹಲಿಯ ಚಳಿಗಾಲದಲ್ಲಿ ಸುಮ್ಮನಿದ್ದ ಡಬ್ಬಿ ಜುಲೈನಿಂದ ಸೆಪ್ಟೆಂಬರ್‌ವರೆಗೆ ಏಕೆ ಕಾಡುತ್ತದೆಂಬುದಕ್ಕೆ ಇದೇ ಕಾರಣ.

ಹಿರಿಯರ ಜಾಣ್ಮೆ

ನಮ್ಮ ಹಿರಿಯರು ಈ ಸಮಸ್ಯೆಯನ್ನು ಚೆನ್ನಾಗಿ ಅರಿತಿದ್ದರು. ಬಯಲುಸೀಮೆಯಲ್ಲಿ ಜೋಳ, ರಾಗಿಗಳನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಒಳಗಿನ ಕಾಳು ಮತ್ತು ಹುಳುಗಳ ಉಸಿರಾಟದಿಂದಲೇ ಆಮ್ಲಜನಕ ಕಡಿಮೆಯಾಗಿ ಹುಳುಗಳು ಸಾಯುತ್ತಿದ್ದವು. ಹಗೇವು ತೆರೆದ ಕೂಡಲೇ ಯಾರನ್ನೂ ಇಳಿಸದೆ, ಗಾಳಿಯಾಡಲು ಬಿಡುತ್ತಿದ್ದುದೂ ಇದೇ ಕಾರಣದಿಂದ. ತೊಗರಿಗೆ ಕೆಮ್ಮಣ್ಣು ಕಟ್ಟುವುದು, ಬೀಜಕ್ಕೆ ಬೂದಿ ಬೆರೆಸುವುದು ಮೂಢ ಪದ್ಧತಿಗಳಲ್ಲ. ಆ ನುಣ್ಣನೆಯ ಧೂಳು ಹುಳುವಿನ ಮೈಮೇಲಿನ ಮೇಣದ ಪದರವನ್ನು ಕೆಡಿಸಿ ಅದನ್ನು ಒಣಗಿಸುತ್ತದೆ.

ನಮ್ಮ ಬಡಾವಣೆಯ ಸಮೀಪದಲ್ಲೇ ಇರುವ ಪೂಸಾ ಕೃಷಿ ಸಂಶೋಧನಾ ಸಂಸ್ಥೆ, ಬಿಹಾರದ 1934ರ ಭೂಕಂಪದ ನಂತರ 1936ರಲ್ಲಿ ದೆಹಲಿಗೆ ಬಂದಿತು. ಅಲ್ಲಿ ರೂಪುಗೊಂಡ 'ಪೂಸಾ ಬಿನ್' ಎಂಬ ಕಣಜದಲ್ಲಿ ಎರಡು ಪದರ ಮಣ್ಣಿನ ಇಟ್ಟಿಗೆಗಳ ನಡುವೆ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಗಾಳಿ ಮತ್ತು ತೇವಗಳನ್ನು ತಡೆಯುವ ಹಳೆಯ ತತ್ತ್ವವೇ ಅದಕ್ಕೂ ಆಧಾರ.

ನಾವು ಮಾಡಬೇಕಾದುದು

ಒಂದು: ಮಳೆಗಾಲದಲ್ಲಿ ಹೆಚ್ಚು ದಾಸ್ತಾನು ಬೇಡ, ಒಂದು ತಿಂಗಳಿಗೆ ಸಾಲುವಷ್ಟು ಸಾಕು. ಲೆಕ್ಕಪತ್ರದಲ್ಲಿ ನಾವು ಹೇಳುವಂತೆ, ಮೊದಲು ಬಂದ ಸರಕು ಮೊದಲು ಹೊರಗೆ ಹೋಗಬೇಕು. ಹಳೆಯ ಅಕ್ಕಿಯ ಮೇಲೆ ಹೊಸದನ್ನು ಸುರಿಯುವುದು ಬಹಳ ಮನೆಗಳಲ್ಲಿ ನಡೆಯುವ ತಪ್ಪು.

ಎರಡು: ಡಬ್ಬಿ ಖಾಲಿಯಾದಾಗ ತೊಳೆದು, ಸಂಪೂರ್ಣವಾಗಿ ಒಣಗಿಸಬೇಕು. ಮುಚ್ಚಳದ ಸುರುಳಿಗೆರೆ, ಕಪಾಟಿನ ಸಂದು, ಹಾಸಿದ ಕಾಗದದ ಅಡಿಗಳಲ್ಲಿ ಪತಂಗದ ಮರಿಗಳು ಅವಿತಿರುತ್ತವೆ.

ಮೂರು: ಮನೆಯಲ್ಲಿ ಫ್ರೀಜರ್ ಇದ್ದರೆ ಅದೇ ಉತ್ತಮ ಔಷಧ. ಹೊಸದಾಗಿ ತಂದ ಬೇಳೆ, ರವೆ, ಹಿಟ್ಟುಗಳನ್ನು ಸಣ್ಣ ಪೊಟ್ಟಣಗಳಾಗಿ ಭದ್ರವಾಗಿ ಕಟ್ಟಿ, ಮೈನಸ್ 18 ಡಿಗ್ರಿಯಲ್ಲಿ ಒಂದು ವಾರ ಇಟ್ಟರೆ ಮೊಟ್ಟೆ, ಮರಿ, ಹುಳು ಎಲ್ಲವೂ ಸಾಯುತ್ತವೆ. ಹೊರತೆಗೆದ ಮೇಲೆ ಪೊಟ್ಟಣ ಕೋಣೆಯ ಉಷ್ಣತೆಗೆ ಬರುವವರೆಗೆ ಬಿಚ್ಚಬಾರದು. ಬಿಚ್ಚಿದರೆ ಧಾನ್ಯದ ಮೇಲೆ ನೀರು ಕಟ್ಟಿಕೊಳ್ಳುತ್ತದೆ.

ನಾಲ್ಕು: ಮೇ, ಜೂನ್ ತಿಂಗಳ ಬಿಸಿಲನ್ನು ಉಪಯೋಗಿಸಿಕೊಳ್ಳಿರಿ. ಕಾಳುಗಳನ್ನು ಛಾವಣಿಯ ಮೇಲೆ ತೆಳ್ಳಗೆ ಹರಡಿ, ಆರಿದ ನಂತರವೇ ತುಂಬಬೇಕು. ಬಿಸಿಯಿರುವಾಗ ಮುಚ್ಚಿದರೆ ಡಬ್ಬಿ ಬೆವರುತ್ತದೆ. ಅಕ್ಕಿ ಮಾತ್ರ ಕಡುಬಿಸಿಲಿಗೆ ಸೀಳುವುದರಿಂದ ಅದಕ್ಕೆ ನೆರಳೇ ಲೇಸು.

ಐದು: ರವೆಯನ್ನು ಹುರಿದಿಡಿ. ಇಡೀ ಕಾಳುಗಳಿಗೆ ಕಿಲೋಗೆ ಒಂದು ಸಣ್ಣ ಚಮಚ ಅಡುಗೆ ಎಣ್ಣೆ ಸವರಿದರೆ ಕಾಳುಹುಳುವಿನ ಮೊಟ್ಟೆಗಳು ಬೆಳೆಯಲಾರವು. ಒಣಗಿದ ಬೇವಿನೆಲೆ, ಲವಂಗ, ಒಣಮೆಣಸಿನಕಾಯಿಗಳು ಹುಳುಗಳನ್ನು ಸ್ವಲ್ಪಮಟ್ಟಿಗೆ ದೂರವಿಡುತ್ತವೆ, ಒಳಗಿರುವುದನ್ನು ಕೊಲ್ಲಲಾರವು. ಹಸಿಯ ಎಲೆಯಿಂದ ತೇವ ಸೇರಿ ಕೆಡುಕೇ ಹೆಚ್ಚು.

ಎಂದಿಗೂ ಮಾಡಬಾರದುದು

ಬೋರಿಕ್ ಪುಡಿ, ಗೋಧಿಗೆ ಹಾಕುವ ಪಾದರಸದ ಮಾತ್ರೆ, ಜಿರಲೆಯ ಔಷಧ, ಮೇಲೆ ಹೇಳಿದ ಗೋದಾಮಿನ ಮಾತ್ರೆ, ಇವು ಯಾವುವೂ ಆಹಾರದ ಡಬ್ಬಿಯ ಬಳಿ ಸುಳಿಯಬಾರದು. ಹುಳು ಬಿದ್ದ ಅಕ್ಕಿ ಅಸಹ್ಯವೇ ಹೊರತು ವಿಷವಲ್ಲ. ಕೇರಿ, ಆರಿಸಿ, ತೊಳೆದು ಬಳಸಬಹುದು. ಬಹಳ ಹುಳು ಹಿಡಿದು ಘಾಟು ಬಂದ ಹಿಟ್ಟನ್ನು ಮಾತ್ರ ಎಸೆಯುವುದು ಮೇಲು. ಬೂಷ್ಟು ಹಿಡಿದ ಶೇಂಗಾ, ಜೋಳಗಳ ವಿಷಯ ಬೇರೆ: ಅವುಗಳಲ್ಲಿ ಯಕೃತ್ತಿಗೆ ಮಾರಕವಾದ ಅಫ್ಲಾಟಾಕ್ಸಿನ್ ಇರಬಹುದು; ಬೇಯಿಸಿದರೂ ಅದು ಪೂರ್ತಿ ನಾಶವಾಗುವುದಿಲ್ಲ. ಅಂಥದನ್ನು ಜಿಪುಣತನ ಮಾಡದೆ ಎಸೆಯಬೇಕು.

ಐ.ಎ.ಎಸ್. ಪರೀಕ್ಷೆಗೆ ಓದಲೆಂದು ನಮ್ಮ ಬಡಾವಣೆಗೆ ಬಂದು, ಪುಟ್ಟ ಕೋಣೆಗಳಲ್ಲಿ ವಾಸಿಸುವ ಕನ್ನಡದ ಹುಡುಗ ಹುಡುಗಿಯರಿಗೂ ಈ ಮಾತು ಅನ್ವಯಿಸುತ್ತದೆ. ತಾಯಿ ಕಟ್ಟಿಕೊಟ್ಟ ಚಟ್ನಿಪುಡಿ, ಹುರಿಹಿಟ್ಟುಗಳನ್ನು ಗಾಜಿನ ಸೀಸೆಯಲ್ಲಿ ಬಿಗಿಯಾಗಿ ಮುಚ್ಚಿ, ಒಣ ಚಮಚದಿಂದ ತೆಗೆಯಿರಿ. ಗಾಳಿಯಿಲ್ಲದ ಕೋಣೆಯಲ್ಲಿ ಯಾವ ಕೀಟನಾಶಕವನ್ನೂ ಇಟ್ಟುಕೊಳ್ಳಬೇಡಿರಿ.

ಅಂದು ಆ ಪೊಟ್ಟಣ ಮನೆಯೊಳಗೆ ಉಳಿಯಲಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಅದನ್ನು ಬಿಗಿ ಮುಚ್ಚಳದ ಒಣ ಡಬ್ಬಿಯಲ್ಲಿಟ್ಟು, ಛಾವಣಿಯ ಮೂಲೆಯಲ್ಲಿ ರಾತ್ರಿ ಕಳೆದು, ಮರುದಿನ ಕೀಟ ನಿಯಂತ್ರಣದ ಕೆಲಸ ಬಲ್ಲವರಿಗೆ ಒಪ್ಪಿಸಿದೆನು. ಅಕ್ಕಿಯನ್ನು ನಾವಿಬ್ಬರೂ ಕುಳಿತು ಭಾನುವಾರವಿಡೀ ಕೇರಿ ಆರಿಸಿದೆವು. ಶ್ರಮವಾಯಿತು ನಿಜ, ಆದರೆ ಆ ಅನ್ನವನ್ನು ಮಕ್ಕಳಿಗೆ ಬಡಿಸುವಾಗ ಮನಸ್ಸಿನಲ್ಲಿ ಅಳುಕಿರಲಿಲ್ಲ.