ಐವತ್ತಾಯ್ತು, ಇನ್ನೇನುಂಟು ಅನ್ನುವವರಿಗೆ

ಐವತ್ತು ದಾಟಿತು ಅಂದ ಕೂಡಲೇ ನಮ್ಮ ಮನೆಗಳಲ್ಲಿ ಒಂದು ಮಾತು ಶುರುವಾಗುತ್ತದೆ. ‘ಇನ್ನೇನುಂಟು? ಮಕ್ಕಳ ಮದುವೆ ಆಯ್ತು, ಒಂದು ಉಮ್ರಾ ಆದರೆ ಸಾಕು.’ ಶಿರಾಡಿ ಘಾಟ್ ಹತ್ತಿ ಬಂದು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಅಂಗಡಿ, ಹೋಟೆಲು ಕಟ್ಟಿಕೊಂಡವರ ಮನೆಗಳಲ್ಲಂತೂ ಈ ಮಾತು ಹೆಚ್ಚು. ಬಾಪ ಅಂಗಡಿಯನ್ನು ಮಗನಿಗೆ ಬಿಟ್ಟು ಗಲ್ಲಾಪೆಟ್ಟಿಗೆಯ ಪಕ್ಕ ಸುಮ್ಮನೆ ಕೂರುತ್ತಾರೆ. ಉಮ್ಮನಿಗೆ ಅದೂ ಇಲ್ಲ. ಮಗಳು ಗಂಡನ ಮನೆಯಲ್ಲಿ, ಮಗ ಗಲ್ಫಿನಲ್ಲಿ. ಉಮ್ಮನ ಪಾಲಿಗೆ ಶುಗರ್ ಮಾತ್ರೆ, ಮಂಡಿನೋವು ಮತ್ತು ರಾತ್ರಿ ಒಂದು ವೀಡಿಯೋ ಕಾಲ್.

ಈ ಮಾತು ಕೇಳಿದಾಗೆಲ್ಲ ಹಾಸನದಲ್ಲೇ ಇರುವ ಒಬ್ಬ ಹೆಂಗಸಿನ ನೆನಪಾಗುತ್ತದೆ. ಬಾನು ಮುಷ್ತಾಕ್ ಹುಟ್ಟಿದ್ದು 1948ರಲ್ಲಿ, ಹಾಸನದಲ್ಲಿ. ಮನೆಮಾತು ದಖ್ಖನಿ ಉರ್ದು. ಎಂಟು ವರ್ಷದವರಿದ್ದಾಗ ಶಿವಮೊಗ್ಗದ ಕನ್ನಡ ಶಾಲೆಯೊಂದರಲ್ಲಿ ಷರತ್ತಿನ ಮೇಲೆ ಸೇರಿಸಿಕೊಂಡರಂತೆ: ಆರು ತಿಂಗಳಲ್ಲಿ ಕನ್ನಡ ಓದಲು, ಬರೆಯಲು ಕಲಿಯಬೇಕು. ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿತು. ಆಮೇಲೆ ಲಂಕೇಶ್ ಪತ್ರಿಕೆಗೆ ವರದಿಗಾರಿಕೆ, ಹಾಸನ ನಗರಸಭೆಯ ಸದಸ್ಯತ್ವ, ವಕೀಲಿಕೆ, ಜೊತೆಗೆ ಸಂಸಾರ. ಇವುಗಳ ನಡುವೆಯೇ ಕಥೆ.

ಆದರೆ ಇಲ್ಲಿ ನೋಡಬೇಕಾದದ್ದು ಐವತ್ತರ ನಂತರದ ಲೆಕ್ಕ. 2000ನೇ ಇಸವಿಯಲ್ಲಿ, ಮಸೀದಿಗೆ ಹೋಗಿ ನಮಾಝ್ ಮಾಡುವ ಹಕ್ಕು ಹೆಣ್ಣುಮಕ್ಕಳಿಗೂ ಇದೆ ಎಂದದ್ದಕ್ಕೆ ಅವರೂ ಅವರ ಕುಟುಂಬವೂ ಮೂರು ತಿಂಗಳು ಸಾಮಾಜಿಕ ಬಹಿಷ್ಕಾರ ಅನುಭವಿಸಬೇಕಾಯಿತು. ಆಗ ಅವರಿಗೆ 52. ಆ ವಿಷಯದಲ್ಲಿ ನಮ್ಮವರಲ್ಲಿ ಇವತ್ತಿಗೂ ಎರಡು ಅಭಿಪ್ರಾಯ ಉಂಟು, ಇರಲಿ. ಆ ವಯಸ್ಸಿನಲ್ಲಿ ಹೀಗಾದರೆ ಯಾರಾದರೂ ಪೆನ್ನು ಮುಚ್ಚಿಟ್ಟು ‘ನಮಗ್ಯಾಕೆ ಬೇಕು’ ಅಂತ ಕೂತುಬಿಡುತ್ತಿದ್ದರು. ಅವರು ಕೂರಲಿಲ್ಲ. 2004ರಲ್ಲಿ ಗಿರೀಶ್ ಕಾಸರವಳ್ಳಿ ಅವರ ‘ಕರಿನಾಗರಗಳು’ ಕಥೆಯನ್ನು ‘ಹಸೀನಾ’ ಎಂಬ ಸಿನಿಮಾ ಮಾಡಿದರು. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಮಡಿಕೇರಿಯ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಹನ್ನೆರಡು ಕಥೆಗಳು ‘ಹಾರ್ಟ್ ಲ್ಯಾಂಪ್’ ಆದವು. 2025ರ ಮೇ 20ರಂದು ಲಂಡನ್ನಿನಲ್ಲಿ ಆ ಪುಸ್ತಕಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಸಿಕ್ಕಿತು. ಕನ್ನಡಕ್ಕೆ ಮೊದಲ ಬಾರಿ, ಸಣ್ಣಕಥೆಗಳ ಸಂಕಲನಕ್ಕೂ ಮೊದಲ ಬಾರಿ. 50,000 ಪೌಂಡ್ ಇಬ್ಬರಿಗೂ ಸಮಪಾಲು. ಬಾನು ಅವರಿಗೆ ಆಗ 77.

ಆ ಹನ್ನೆರಡು ಕಥೆಗಳು 1990ರಿಂದ 2023ರ ನಡುವಿನವು. ಅಂದರೆ ನಲ್ವತ್ತೆರಡರಿಂದ ಎಪ್ಪತ್ತೈದರವರೆಗಿನ ಬೆಳೆ. ಕಥೆಗಳಲ್ಲಿ ಇರುವವರು ಯಾರು? ನಮ್ಮ ಉಮ್ಮಂದಿರು, ನೆರೆಮನೆಯವರು, ಮುತವಲ್ಲಿಗಳು, ಅತ್ತೆ ಸೊಸೆಯರು. ಲಂಡನ್ನಿನವರು ಓದಿ ಮೆಚ್ಚಿದ್ದು ನಾವು ದಿನಾ ನೋಡಿ ‘ಇದರಲ್ಲೇನುಂಟು’ ಎಂದು ಬಿಟ್ಟದ್ದನ್ನೇ.

ಬಾನು ಬ್ಯಾರಿಯಲ್ಲ, ಸರಿ. ಆದರೆ ನಮಗೆ ಇನ್ನೂ ಹತ್ತಿರದವರು ಸಾರಾ ಅಬೂಬಕ್ಕರ್. ಹುಟ್ಟಿದ್ದು 1936ರಲ್ಲಿ ಕಾಸರಗೋಡಿನಲ್ಲಿ, ಬಾಳಿದ್ದು ಮಂಗಳೂರಿನಲ್ಲಿ. ನಾಲ್ಕು ಗಂಡುಮಕ್ಕಳನ್ನು ಬೆಳೆಸಿದ ಮೇಲೆ ‘ಚಂದ್ರಗಿರಿಯ ತೀರದಲ್ಲಿ’ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ಅವರ ವಯಸ್ಸು ನಲ್ವತ್ತೈದರ ಆಸುಪಾಸು. 1994ರಲ್ಲಿ, 58ನೇ ವಯಸ್ಸಿನಲ್ಲಿ, ‘ಚಂದ್ರಗಿರಿ ಪ್ರಕಾಶನ’ ಎಂದು ಸ್ವಂತ ಪ್ರಕಾಶನವನ್ನೇ ಶುರುಮಾಡಿದರು. ಐವತ್ತೆಂಟಕ್ಕೆ ಹೊಸ ವ್ಯಾಪಾರ ಶುರುಮಾಡುವ ಧೈರ್ಯ ನಮ್ಮ ಗಂಡಸರಲ್ಲಿ ಎಷ್ಟು ಜನರಿಗೆ ಉಂಟು, ಹೇಳಿ? 2023ರ ಜನವರಿಯಲ್ಲಿ ತೀರಿಕೊಂಡರು.

‘ಅವರೆಲ್ಲ ದೊಡ್ಡವರು, ನಮ್ಮ ಕೈಲಿ ಆಗುವುದಾ? ಈ ವಯಸ್ಸಲ್ಲಿ ಅಲ್ಲಾಹನ ಧ್ಯಾನ ಮಾಡಿಕೊಂಡಿರುವುದು ಬಿಟ್ಟು...’ ಎಂದು ಕೇಳುವವರು ಇದ್ದಾರೆ. ಧ್ಯಾನ ಬೇಡ ಎಂದವರು ಯಾರು? ಸುಬಹಿಗೆ ಮುಂಚೆ ಎದ್ದು ತಹಜ್ಜುದ್ ನಮಾಝಿಗೆ ನಿಲ್ಲುವ ನೆಮ್ಮದಿ, ಮಕ್ಕಳು ಚಿಕ್ಕವರಿದ್ದಾಗ ಸಿಗದೇ ಹೋದದ್ದು, ಈಗ ಸಿಗುತ್ತದೆ. ಆದರೆ ಪ್ರವಾದಿ (ಸ) ಅವರ ವಯಸ್ಸಿನ ಲೆಕ್ಕವನ್ನೂ ಒಮ್ಮೆ ನೋಡಿ. ಮಕ್ಕಾ ಬಿಟ್ಟು ಮದೀನಕ್ಕೆ ಹಿಜ್‌ರಾ ಹೋದಾಗ ಅವರಿಗೆ ಸುಮಾರು 53. ಅಲ್ಲಿ ಮಸೀದಿ ಕಟ್ಟುವಾಗ ಸಹಾಬಿಗಳ ಜೊತೆ ತಾವೂ ಇಟ್ಟಿಗೆ ಹೊತ್ತರು. ಖಂದಕ್ ಯುದ್ಧದ ಕಾಲದಲ್ಲಿ ಕಂದಕದ ಮಣ್ಣು ಹೊತ್ತದ್ದು ಅದಕ್ಕೂ ಕೆಲವು ವರ್ಷ ಕಳೆದ ಮೇಲೆ. ನಾವು ವಿಶ್ರಾಂತಿಯ ವಯಸ್ಸು ಅನ್ನುವ ಹೊತ್ತಿಗೆ ಅವರ ಒಂದು ಹೊಸ ಊರಿನ ಕೆಲಸ ಆರಂಭವಾಗಿತ್ತು.

ನಗುವೂ ಇತ್ತು. ಇಮಾಂ ತಿರ್ಮಿದಿಯವರ ‘ಶಮಾಇಲ್’ನಲ್ಲಿರುವ ಪ್ರಸಂಗ ಉಸ್ತಾದರ ಬಾಯಲ್ಲಿ ಕೇಳಿರುತ್ತೀರಿ. ಸ್ವರ್ಗಕ್ಕಾಗಿ ದುಆ ಮಾಡಿ ಎಂದು ಬಂದ ಒಬ್ಬ ವೃದ್ಧೆಗೆ, ಮುದುಕಿಯರು ಸ್ವರ್ಗಕ್ಕೆ ಹೋಗುವುದಿಲ್ಲ ಎಂದರಂತೆ. ಆಕೆ ಅಳುತ್ತಾ ಹಿಂತಿರುಗಿದಾಗ, ಮುದುಕಿಯಾಗಿ ಹೋಗುವುದಿಲ್ಲ, ಯುವತಿಯಾಗಿ ಹೋಗುತ್ತಾರೆ ಎಂದು ಹೇಳಿ ಕಳಿಸಿದರು. ಮುದುಕಿಯೊಬ್ಬಳ ಜೊತೆ ತಮಾಷೆ ಮಾಡುವಷ್ಟು ಸಮಯ ಅವರಿಗಿತ್ತು. ನಮ್ಮ ಮನೆಗಳಲ್ಲಿ ಉಮ್ಮನ ಜೊತೆ ಕೂತು ನಗುವವರು ಎಷ್ಟು ಜನ?

ಸಮಸ್ಯೆ ಇರುವುದು ವಯಸ್ಸಿನಲ್ಲಲ್ಲ, ಮನೆಯಲ್ಲಿ. ಉಮ್ಮ ಒಂದು ಪುಸ್ತಕ ಹಿಡಿದು ಕೂತರೆ ‘ಚಾ ಆಯ್ತಾ?’ ಅಂತ ಕೇಳುವವರೇ ಜಾಸ್ತಿ. ಮೊಮ್ಮಕ್ಕಳನ್ನು ನೋಡಿಕೊಳ್ಳುವುದು ಸಂತೋಷವೇ, ಆದರೆ ಅದು ಬೆಳಗಿನಿಂದ ರಾತ್ರಿವರೆಗಿನ ಸಂಬಳವಿಲ್ಲದ ನೌಕರಿ ಆಗಬಾರದು. ಅಸರ್‌ನಿಂದ ಮಗ್ರಿಬ್‌ವರೆಗೆ ಒಂದು ಹೊತ್ತು ಉಮ್ಮನದ್ದು ಎಂದು ಬಿಟ್ಟುಕೊಡಲಿಕ್ಕೆ ಸೊಸೆಗೂ ಕಷ್ಟವಿಲ್ಲ, ಮಗನಿಗಂತೂ ಖರ್ಚೇ ಇಲ್ಲ. ಹೊಳೆನರಸೀಪುರದವರಿಗೆ ಹೇಮಾವತಿಯ ದಡ ಉಂಟು, ನಾಲ್ಕು ಹೆಂಗಸರು ಜೊತೆಯಾಗಿ ನಡೆದು ಬರಬಹುದು. ಹಿತ್ತಿಲಿದ್ದವರು ಊರಿನಿಂದ ಬಸಳೆಯ ಬಳ್ಳಿ ತಂದು ನೆಡಲಿ. ಹಾಸನದ ಚಳಿಗೆ ಅದು ಸ್ವಲ್ಪ ಹಠ ಮಾಡುತ್ತದೆ, ಅಷ್ಟೆ. ಕಿಯಾಮತ್ ಬಂದರೂ ಕೈಯಲ್ಲಿ ಸಸಿಯಿದ್ದರೆ ನೆಟ್ಟುಬಿಡಿ ಎಂದು ಕಲಿಸಿದ ದೀನ್ ನಮ್ಮದು. ಬಾಪನಿಗೂ ಇದೇ ಮಾತು. ಗಲ್ಲಾಪೆಟ್ಟಿಗೆಯ ಪಕ್ಕ ಕೂತು ಮಗನ ಲೆಕ್ಕದಲ್ಲಿ ತಪ್ಪು ಹುಡುಕುವುದಕ್ಕಿಂತ, ಘಾಟ್ ಹತ್ತಿ ಬಂದ ಕಾಲದ ಕಥೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬಹುದಲ್ಲ? ಮೊದಲ ಅಂಗಡಿಯ ಬಾಡಿಗೆ ಎಷ್ಟು, ಉದ್ರಿ ಕೊಟ್ಟ ಸಾಹುಕಾರ ಯಾರು, ಮಳೆಗಾಲದಲ್ಲಿ ಲಾರಿ ಎಲ್ಲಿ ನಿಂತಿತು. ಇದನ್ನು ಅವರಲ್ಲದೆ ಬೇರೆ ಯಾರೂ ಬರೆಯಲಾರರು.

ಇನ್ನೊಂದು ಆಸ್ತಿ ಉಂಟು, ನಾವು ಎಣಿಸದೇ ಬಿಟ್ಟದ್ದು. ಮದುವೆಯ ಮೈಲಾಂಜಿ ರಾತ್ರಿ ಕೈತಟ್ಟಿ ಹಾಡುವ ಪಾಟ್‌ಗಳು, 1607ರಲ್ಲಿ ಕೋಝಿಕ್ಕೋಡಿನ ಖಾಝಿ ಮುಹಮ್ಮದ್ ರಚಿಸಿದ ಮುಹಿಯುದ್ದೀನ್ ಮಾಲೆ, ಮಗುವನ್ನು ತೂಗುವಾಗ ಗುನುಗುವ ಬ್ಯಾರಿ ಸಾಲುಗಳು. 2009ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿಯೇನೋ ಆಯಿತು, ಆದರೆ ಅಕಾಡೆಮಿಯವರು ಅರಕಲಗೂಡಿನ ಪ್ರತಿ ಅಡುಗೆಮನೆಗೆ ಬರಲಾದೀತಾ? ಘಟ್ಟದ ಮೇಲೆ ಹುಟ್ಟಿದ ಮೊಮ್ಮಕ್ಕಳಿಗೆ ಬ್ಯಾರಿ ಭಾಷೆ ಅರ್ಧವೇ ಬರುತ್ತದೆ, ಹಾಡು ಬರುವುದೇ ಇಲ್ಲ. ಆದರೆ ಆ ಮಕ್ಕಳ ಕೈಯಲ್ಲಿ ಮೊಬೈಲ್ ಉಂಟು, ಅದರಲ್ಲಿ ರೆಕಾರ್ಡರ್ ಉಂಟು. ಈ ಶುಕ್ರವಾರ ಊಟ ಮುಗಿದ ಮೇಲೆ ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದು ಪಾಟ್ ಹೇಳಿ ನೋಡಿ. ನಡುವೆ ಸಾಲು ಮರೆತರೆ ನಿಲ್ಲಿಸಬೇಡಿ, ಚನ್ನರಾಯಪಟ್ಟಣದ ತಂಗಿಗೆ ಫೋನ್ ಮಾಡಿ. ಅವರಿಗೆ ನೆನಪಿರುತ್ತದೆ.