ಕಾಲಿಫೋರ್ನಿಯದ ಖಾಸಗಿ ಹೊನ್ನಾಣ್ಯಗಳು

೧೮೪೮ರಲ್ಲಿ ಕಾಲಿಫೋರ್ನಿಯದ ಹೊಳೆಗಳಲ್ಲಿ ಹೊನ್ನು ದೊರೆತ ಮೇಲೆ ಅಲ್ಲಿ ಚಿನ್ನದ ಪುಡಿಗೆ ಬರವಿರಲಿಲ್ಲ, ಬರವಿದ್ದುದು ನಾಣ್ಯಕ್ಕೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸರ್ಕಾರದ ಟಂಕಸಾಲೆ ತೆರೆದುದು ೧೮೫೪ರಲ್ಲಿ. ಅಮೆರಿಕದ ಸಂವಿಧಾನವು ನಾಣ್ಯ ಟಂಕಿಸುವುದನ್ನು ಪ್ರಾಂತಗಳಿಗೆ ನಿಷೇಧಿಸಿತ್ತೇ ಹೊರತು ಖಾಸಗಿಯವರ ಮಾತನ್ನೆತ್ತಿರಲಿಲ್ಲ. ಆದುದರಿಂದ ಮೊಫಟ್, ಬಾಲ್ಡ್ವಿನ್ ಮೊದಲಾದ ಸಂಸ್ಥೆಗಳು ತಮ್ಮ ಹೆಸರಿನಲ್ಲಿಯೇ ಹೊನ್ನನ್ನು ಅಚ್ಚೊತ್ತಿದುವು. ಇಂತಹ ನಾಣ್ಯಕ್ಕೆ ಸರ್ಕಾರದ ಮುದ್ರೆಯ ಬಲವಿಲ್ಲ. ಒಳಗಿನ ಹೊನ್ನೇ ಅದರ ಬೆಲೆ.

೧೮೫೧ರಲ್ಲಿ ಸರ್ಕಾರದ ಲೋಹಪರೀಕ್ಷಕನಾದ ಹಂಬರ್ಟನು ಶೋಧಿಸಿದಾಗ, ಬಾಲ್ಡ್ವಿನ್ ನಾಣ್ಯಗಳ ಹೊನ್ನು ಮುಖಬೆಲೆಗಿಂತ ನೂರಕ್ಕೆ ಸುಮಾರು ಮೂರು ಪಾಲು ಕಡಮೆಯೆಂದು ತಿಳಿದುಬಂದಿತು. ಕೊರತೆಯೇನೋ ಅಲ್ಪ, ಆದರೆ ಪೇಟೆಯ ನಂಬಿಕೆ ಮುರಿದು, ವರ್ತಕರು ಅದಕ್ಕೆ ಮೀರಿದ ವಟ್ಟವನ್ನು ಹಿಡಿದರು. ನಷ್ಟವೆಲ್ಲ ಆಗ ನಾಣ್ಯ ಕೈಯಲ್ಲಿದ್ದವನದು. ಮೊಫಟ್ಟರ ನಾಣ್ಯಗಳು ಮಾತ್ರ ಮನ್ನಣೆ ಕಳೆದುಕೊಳ್ಳಲಿಲ್ಲ. ೧೮೬೪ರ ಶಾಸನವು ಖಾಸಗಿ ಟಂಕನವನ್ನೇ ನಿಷೇಧಿಸಿತು.